ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ಮನೋಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪೋಷಕರ ಸಭೆಗಳಲ್ಲಿ, ವಿಶೇಷ ಶಾಲೆಗಳ ಶಿಕ್ಷಕರ ಜೊತೆಗಿನ ಮಾತುಕತೆಯಲ್ಲಿ, ಹೊಸದಾಗಿ ಆಪ್ತಸಮಾಲೋಚನೆಗೆ ಇಳಿದವರ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇಲ್ಲಿವೆ. ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲ ಭಾಗ ಮನೆಯವರಿಗೆ ಹೆಚ್ಚು ಉಪಯೋಗ, ಎರಡನೆಯದು ಚಿಕಿತ್ಸೆ ಕೊಡುವವರಿಗೆ, ಮೂರನೆಯದು ಇಬ್ಬರಿಗೂ. ಉದಾಹರಣೆಗಳಲ್ಲಿ ಬರುವವರು ಯಾರೋ ಒಬ್ಬರಲ್ಲ. ಹಲವರ ಅನುಭವ ಸೇರಿಸಿ, ಗುರುತು ಸಿಗದಂತೆ ಬರೆದಿದ್ದೇನೆ.

## ಮೊದಲ ಪ್ರಶ್ನೆಗಳು

ನನ್ನ ಮಗನ ಐಕ್ಯೂ 55 ಅಂತ ಸರ್ಟಿಫಿಕೇಟಲ್ಲಿ ಇದೆ. ಹೇಳಿದ್ದೇ ಅರ್ಥ ಆಗಲ್ಲ, ಇನ್ನು ಕೌನ್ಸೆಲಿಂಗ್ ಕೊಡಿಸಿ ಏನು ಪ್ರಯೋಜನ?

ಯಾರು ತನ್ನನ್ನು ಪ್ರೀತಿಸುತ್ತಾರೆ, ಯಾರು ರೇಗಿಸುತ್ತಾರೆ, ಯಾವ ಮಾವ ಬಂದರೆ ಅಪ್ಪನ ಧ್ವನಿ ಜೋರಾಗುತ್ತದೆ ಎನ್ನುವುದು ನಿಮ್ಮ ಮಗನಿಗೆ ಗೊತ್ತಿದೆಯೇ? ಗೊತ್ತಿದ್ದರೆ ಚಿಕಿತ್ಸೆಗೆ ಬೇಕಾದ ಮೂಲ ಬಂಡವಾಳ ಅವನ ಹತ್ತಿರ ಇದೆ. 50ರಿಂದ 69ರ ಐಕ್ಯೂ ಇದ್ದರೆ ಸಾಮಾನ್ಯವಾಗಿ ಸೌಮ್ಯ ಮಟ್ಟದ ಬೌದ್ಧಿಕ ಅಂಗವೈಕಲ್ಯ ಎನ್ನುತ್ತಾರೆ. ಇವರಲ್ಲಿ ಬಹುಪಾಲು ಜನ ಮಾತಾಡುತ್ತಾರೆ, ನೆನಪಿಟ್ಟುಕೊಳ್ಳುತ್ತಾರೆ, ಕಲಿಯುತ್ತಾರೆ. ವೇಗ ಕಡಿಮೆ, ಒಮ್ಮೆಗೆ ಹಿಡಿಯುವ ವಿಷಯ ಕಡಿಮೆ, ಅಮೂರ್ತವಾದದ್ದು ಕಷ್ಟ. ಅವನ ವೇಗಕ್ಕೆ ತಕ್ಕಂತೆ ಚಿಕಿತ್ಸೆಯನ್ನು ಬದಲಾಯಿಸುವುದು ಚಿಕಿತ್ಸಕರ ಕೆಲಸ.

ಇಂಥವರಿಗೆ ಇದು ಹಿಡಿಯುವುದಿಲ್ಲ ಎಂಬ ನಂಬಿಕೆ ಹಳೆಯದು. ಒಂದು ಮಟ್ಟದ ವಿದ್ಯಾಭ್ಯಾಸ ಇಲ್ಲದವರು ಮನೋವಿಶ್ಲೇಷಣೆಗೆ ತಕ್ಕವರಲ್ಲ ಎಂದು ಅದರ ಜನಕ ಫ್ರಾಯ್ಡ್ 1905ರಲ್ಲೇ ಬರೆದಿದ್ದರು. ಅದರ ನೆರಳು ಬಹಳ ಕಾಲ ಉಳಿಯಿತು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಮೈಕೆಲ್ ಬೆಂಡರ್ 1993ರಲ್ಲಿ ಇದನ್ನು ಚಿಕಿತ್ಸಕರ ತಾತ್ಸಾರ ಎಂದೇ ಕರೆದರು. ಈ ಜನರಿಗೆ ಚಿಕಿತ್ಸಕರ ಎದುರಿನ ಕುರ್ಚಿಯನ್ನೇ ಯಾರೂ ತೋರಿಸಲಿಲ್ಲ ಎಂಬುದು ಅವರ ದೂರು. ಸಂಕಟವಂತೂ ಕಡಿಮೆ ಇಲ್ಲ. ಗ್ಲಾಸ್ಗೋದಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವ 1,023 ವಯಸ್ಕರನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 40.9% ಮಂದಿಗೆ, ವರ್ತನೆಯ ಸಮಸ್ಯೆಗಳನ್ನೂ ಸೇರಿಸಿ, ಯಾವುದಾದರೊಂದು ಮಾನಸಿಕ ತೊಂದರೆ ಇತ್ತು.

ಬುದ್ಧಿಮಾಂದ್ಯತೆ ಅಂದರೇ ಮಾನಸಿಕ ಕಾಯಿಲೆ ಅಲ್ವಾ?

ಅಲ್ಲ. ಬೌದ್ಧಿಕ ಅಂಗವೈಕಲ್ಯ (ಹಿಂದೆ ಬುದ್ಧಿಮಾಂದ್ಯತೆ ಎನ್ನುತ್ತಿದ್ದುದು) ಬೆಳವಣಿಗೆಯ ಕಾಲದಲ್ಲೇ ಶುರುವಾಗಿ ಜೀವನಪೂರ್ತಿ ಇರುವ ಸ್ಥಿತಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಅದೂ ಒಂದು. ಖಿನ್ನತೆ, ಆತಂಕ, ಗೀಳು ಇವು ಕಾಯಿಲೆಗಳು. ಬರುತ್ತವೆ, ಚಿಕಿತ್ಸೆಗೆ ಬಗ್ಗುತ್ತವೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯೂ ತನ್ನ ವ್ಯಾಖ್ಯೆಯಿಂದ ಬುದ್ಧಿಮಾಂದ್ಯತೆಯನ್ನು ಹೊರಗಿಟ್ಟಿದೆ. ಆದರೆ ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ಖಿನ್ನತೆ ಬಂದರೆ ಆ ಖಿನ್ನತೆಗೆ ಚಿಕಿತ್ಸೆ ಪಡೆಯುವ ಹಕ್ಕು ಎಲ್ಲರಷ್ಟೇ ಅವರಿಗೂ ಇದೆ. ‘ಇದು ನಮ್ಮ ವಿಭಾಗದ್ದಲ್ಲ, ಸ್ಪೆಷಲ್ ಸ್ಕೂಲಿಗೆ ಹೋಗಿ’ ಎಂದು ಯಾರಾದರೂ ವಾಪಸ್ ಕಳಿಸಿದರೆ ಇದನ್ನು ಹೇಳಿ.

ಥೆರಪಿ ಮಾಡಿಸಿದರೆ ಐಕ್ಯೂ ಜಾಸ್ತಿ ಆಗುತ್ತಾ?

ಇಲ್ಲ. ಆಗುತ್ತದೆ ಎಂದು ಯಾರಾದರೂ ಹಣ ಕೇಳಿದರೆ ಎದ್ದು ಬನ್ನಿ. ಹೆದರಿಕೆ, ದುಃಖ, ಸಿಟ್ಟು ಕಡಿಮೆಯಾದಾಗ ಇರುವ ಸಾಮರ್ಥ್ಯ ಚೆನ್ನಾಗಿ ಬಳಕೆಗೆ ಬರುತ್ತದೆ. ಮನೆಯವರಿಗೆ ಅದು ‘ಚುರುಕಾದ’ ಹಾಗೆ ಕಾಣಬಹುದು.

ಮಗಳು ಮೊದಲು ಹೀಗಿರಲಿಲ್ಲ. ಮೂರು ತಿಂಗಳಿಂದ ಊಟ ಸರಿಯಾಗಿ ಮಾಡಲ್ಲ, ಟಿವಿ ಹಾಕಿದರೂ ನೋಡಲ್ಲ, ಸುಮ್ಮನೆ ಅಳ್ತಾಳೆ. ಡಾಕ್ಟರು ‘ಇಂಥ ಮಕ್ಕಳು ಹೀಗೇನೇ’ ಅಂದುಬಿಟ್ಟರು.

‘ಮೊದಲು ಹೀಗಿರಲಿಲ್ಲ’ ಎಂದು ನೀವೇ ಹೇಳಿದಿರಲ್ಲ, ಅದೇ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾಹಿತಿ. ಅಂಗವೈಕಲ್ಯ ಮೂರು ತಿಂಗಳ ಹಿಂದೆ ಬಂದದ್ದಲ್ಲ, ಹಾಗಾಗಿ ಮೂರು ತಿಂಗಳ ಹಿಂದೆ ಶುರುವಾದ ಅಳುವಿಗೆ ಅದು ಕಾರಣವಾಗಲಾರದು. ಕಂಡದ್ದನ್ನೆಲ್ಲ ಅಂಗವೈಕಲ್ಯದ ಲೆಕ್ಕಕ್ಕೇ ಹಾಕಿಬಿಡುವ ಈ ಅಭ್ಯಾಸವನ್ನು ಅಮೆರಿಕದ ಸ್ಟೀವನ್ ರೀಸ್ ಮತ್ತು ಸಹೋದ್ಯೋಗಿಗಳು 1982ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಒಂದೇ ಲಕ್ಷಣಗಳ ವಿವರ ಕೊಟ್ಟಾಗ, ವ್ಯಕ್ತಿಗೆ ಬೌದ್ಧಿಕ ಅಂಗವೈಕಲ್ಯ ಇದೆ ಎಂದು ಗೊತ್ತಾದೊಡನೆ ತಜ್ಞರು ಮಾನಸಿಕ ಕಾಯಿಲೆಯನ್ನು ಗುರುತಿಸುವುದು ಕಡಿಮೆಯಾಯಿತು.

ಮೊದಲು ದೇಹ ನೋಡಿಸಿ. ಹಲ್ಲುನೋವು, ಕಿವಿಯ ಸೋಂಕು, ಮಲಬದ್ಧತೆ, ಮುಟ್ಟಿನ ನೋವು ಇವನ್ನು ಬಾಯಿಬಿಟ್ಟು ಹೇಳಲಾಗದವರು ಅಳುತ್ತಾರೆ, ಇಲ್ಲವೇ ಹೊಡೆಯುತ್ತಾರೆ. ಡೌನ್ ಸಿಂಡ್ರೋಮ್ ಇದ್ದರೆ ಥೈರಾಯ್ಡ್ ಪರೀಕ್ಷೆ ಬೇಕೇ ಬೇಕು. ಅವರ ವಯಸ್ಸು 40 ದಾಟಿದ್ದರೆ ಆಲ್ಝೈಮರ್ ಎಂಬ ಮರೆವಿನ ಕಾಯಿಲೆ ಬಹಳ ಬೇಗ ಶುರುವಾಗುವ ಸಾಧ್ಯತೆಯೂ ಇದೆ. ಫಿಟ್ಸ್ ಮಾತ್ರೆ ಇತ್ತೀಚೆಗೆ ಬದಲಾಗಿದೆಯೇ? ಲೆವೆಟಿರಾಸಿಟಮ್‌ನಂಥ ಕೆಲವು ಔಷಧಿಗಳು ಕಿರಿಕಿರಿ, ಸಿಟ್ಟು ತರುತ್ತವೆ. ಆಮೇಲೆ ಆ ಮೂರು ತಿಂಗಳ ಆಚೀಚೆ ಏನು ಬದಲಾಯಿತು ಎಂದು ಮನೆಯವರೆಲ್ಲ ಕೂತು ನೆನಪಿಸಿಕೊಳ್ಳಿ. ಅಕ್ಕನ ಮದುವೆ, ಶಾಲೆಯ ಆಯಾ ಕೆಲಸ ಬಿಟ್ಟದ್ದು, ಮನೆ ಬದಲಾದದ್ದು. ನಿಮಗೆ ಚಿಕ್ಕದಾಗಿ ಕಂಡದ್ದು ಅವಳಿಗೆ ದಿನದ ಆಧಾರವೇ ಕುಸಿದಂತೆ ಆಗಿರಬಹುದು.

ಅಮ್ಮ ಹೋಗಿ ಐದು ತಿಂಗಳಾಯ್ತು. ತಮ್ಮನಿಗೆ ಹೇಳಿಲ್ಲ, ‘ಊರಿಗೆ ಹೋಗಿದಾಳೆ’ ಅಂದಿದ್ದೀವಿ. ದಿನಾ ಸಂಜೆ ಗೇಟ್ ಹತ್ತಿರ ನಿಲ್ತಾನೆ. ಹೇಳಬೇಕಾ?

ಹೇಳಬೇಕು. ಹೇಳದೆ ಇದ್ದರೆ ಅವನ ಪಾಲಿಗೆ ಅಮ್ಮ ಸತ್ತಿಲ್ಲ, ತನ್ನನ್ನು ಬಿಟ್ಟು ಹೋಗಿದ್ದಾಳೆ. ಎರಡನೆಯದು ಹೆಚ್ಚು ನೋವಿನದು. ‘ನಾನು ಹಟ ಮಾಡಿದ್ದಕ್ಕೆ ಹೋದಳು’ ಎಂದು ಅವನು ಅಂದುಕೊಂಡಿರಲೂಬಹುದು. ನೀವು ಅವನನ್ನು ನೋವಿನಿಂದ ಕಾಪಾಡಲೆಂದೇ ಹೀಗೆ ಮಾಡಿದಿರಿ, ಅದು ನನಗೆ ಅರ್ಥವಾಗುತ್ತದೆ. ಬಹಳ ಮನೆಗಳಲ್ಲಿ ಸಾವಿನ ದಿನ ಇಂಥವರನ್ನು ಪಕ್ಕದ ಮನೆಗೆ ಕಳಿಸಿಬಿಡುತ್ತಾರೆ. ಎಲ್ಲರೂ ಅತ್ತು ಹಗುರಾಗುವ ಹೊತ್ತಿನಲ್ಲಿ ಅವರೊಬ್ಬರು ಹೊರಗೆ.

ಹೇಳುವಾಗ ಅವನಿಗೆ ಅತಿ ಹತ್ತಿರದವರು, ಅವನಿಗೆ ಪರಿಚಿತವಾದ ಜಾಗದಲ್ಲಿ, ಬೆಳಗಿನ ಹೊತ್ತು ಹೇಳಲಿ. ‘ದೇವರ ಹತ್ತಿರ ಹೋದಳು’, ‘ಮಲಗಿದ್ದಾಳೆ’, ‘ನಕ್ಷತ್ರ ಆಗಿದ್ದಾಳೆ’ ಬೇಡ. ಮಲಗಿದವರು ಏಳುತ್ತಾರೆ, ಹೋದವರು ಬರುತ್ತಾರೆ. ‘ಅಮ್ಮನಿಗೆ ತುಂಬ ಕಾಯಿಲೆ ಆಯಿತು. ಡಾಕ್ಟರು ಔಷಧಿ ಕೊಟ್ಟರು, ವಾಸಿ ಆಗಲಿಲ್ಲ. ಅಮ್ಮ ಸತ್ತುಹೋದಳು. ಸತ್ತವರು ಉಸಿರಾಡಲ್ಲ, ಊಟ ಮಾಡಲ್ಲ, ವಾಪಸ್ ಬರಲ್ಲ. ನಿನ್ನಿಂದ ಆದದ್ದಲ್ಲ.’ ಇಷ್ಟು ಸಾಕು. ಅವನು ಆ ಕ್ಷಣ ಅಳದೆ ‘ತಿಂಡಿ ಏನು?’ ಎಂದು ಕೇಳಿದರೆ ಅರ್ಥವಾಗಲಿಲ್ಲ ಎಂದುಕೊಳ್ಳಬೇಡಿ. ಅದೇ ಪ್ರಶ್ನೆ ನೂರು ಸಲ ಬರುತ್ತದೆ, ನೂರು ಸಲವೂ ಅದೇ ಮಾತಿನಲ್ಲಿ ಉತ್ತರಿಸಿ.

ನಮ್ಮ ಆಚರಣೆಗಳು ಇಲ್ಲಿ ದೊಡ್ಡ ಸಹಾಯ. ಹನ್ನೊಂದನೇ ದಿನ ತಪ್ಪಿಹೋಗಿದ್ದರೂ ವರ್ಷದ ತಿಥಿ ಬರುತ್ತದೆ. ಫೋಟೋಗೆ ಹಾರ ಹಾಕುವುದು, ಅಮ್ಮನಿಗೆ ಇಷ್ಟವಾದ ಅಡುಗೆಯನ್ನು ಎಡೆ ಇಡುವುದು ಅವನ ಕೈಯಿಂದಲೇ ಆಗಲಿ. ಸಮಾಧಿ ಇದ್ದರೆ ಕರೆದುಕೊಂಡು ಹೋಗಿ ತೋರಿಸಿ. ಅಮ್ಮನ ಒಂದು ಸೀರೆ, ಒಂದು ಡಬ್ಬಿ ಅವನದೇ ಆಗಿ ಇರಲಿ. ಇಷ್ಟಾದ ಮೇಲೂ ಊಟ, ನಿದ್ದೆ ಹಳಿಗೆ ಬರದಿದ್ದರೆ ಚಿಕಿತ್ಸಕರನ್ನು ನೋಡಿ.

ನಾವಿರೋದು ತಾಲ್ಲೂಕಿನಿಂದ ದೂರದ ಹಳ್ಳಿ. ಯಾರ ಹತ್ತಿರ ಹೋಗೋದು?

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ, ಹತ್ತಿರದ ಸೇವೆ ಎಲ್ಲಿದೆ ಎಂದು ಹೇಳುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಇರುತ್ತದೆ. ಈ ರಾಷ್ಟ್ರೀಯ ಕಾರ್ಯಕ್ರಮದ ಮಾದರಿ ರೂಪುಗೊಂಡದ್ದೇ 1980ರ ದಶಕದಲ್ಲಿ, ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದಿಂದ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಬರೀ ಪಿಂಚಣಿ ಅರ್ಜಿಗಷ್ಟೇ ಕಾಣಬೇಡಿ, ಇದಕ್ಕೂ ಕೇಳಿ. ಖಾಸಗಿಯಾಗಿ ಹೋಗುವುದಾದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕಿದವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳುವುದು ನಿಮ್ಮ ಹಕ್ಕು. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ವಿಮೆ ಮಾಡಿಸಿದ್ದರೆ 1 ಲಕ್ಷ ರೂಪಾಯಿವರೆಗಿನ ರಕ್ಷಣೆಯಲ್ಲಿ ಥೆರಪಿಗೂ ಒಂದು ಪಾಲು ಇರುತ್ತದೆ.

## ಚಿಕಿತ್ಸೆಯ ಕೋಣೆಯೊಳಗೆ

ಏನು ಕೇಳಿದರೂ ‘ಹೂಂ’ ಅಂತಾನೆ. ಅವನ ಮಾತನ್ನು ಹೇಗೆ ನಂಬೋದು?

ಬಾಲ್ಯದಿಂದಲೂ ದೊಡ್ಡವರಿಗೆ, ಮೇಷ್ಟ್ರಿಗೆ, ಡಾಕ್ಟರಿಗೆ ‘ಹೂಂ’ ಅಂದರೆ ಬೈಗುಳ ತಪ್ಪುತ್ತದೆ ಎಂದು ಕಲಿತವನು ಅವನು. ಅಮೆರಿಕದ ಕ್ಯಾರೊಲ್ ಸೀಗಲ್‌ಮನ್ ತಂಡ 1981ರಲ್ಲೇ ಈ ಒಲವನ್ನು ದಾಖಲಿಸಿದೆ. ‘ನಿದ್ದೆ ಚೆನ್ನಾಗಿ ಬರುತ್ತಾ?’ ‘ಹೂಂ.’ ಸ್ವಲ್ಪ ಹೊತ್ತು ಬಿಟ್ಟು, ‘ರಾತ್ರಿ ನಿದ್ದೆ ಬರಲ್ವಾ?’ ‘ಹೂಂ.’ ಹೀಗಾದರೆ ಅವನು ಸುಳ್ಳು ಹೇಳುತ್ತಿಲ್ಲ, ನಿಮ್ಮ ಪ್ರಶ್ನೆಯ ರೂಪ ತಪ್ಪಾಗಿದೆ.

ಹೌದು-ಇಲ್ಲ ಪ್ರಶ್ನೆ ಬಿಡಿ. ‘ನಿನ್ನೆ ರಾತ್ರಿ ಊಟ ಆದ ಮೇಲೆ ಏನು ಮಾಡಿದೆ? ಆಮೇಲೆ?’ ಎಂದು ಘಟನೆಯ ಬೆನ್ನು ಹಿಡಿಯಿರಿ. ಆಯ್ಕೆ ಕೊಡುವುದಾದರೆ ಎರಡು ಚಿತ್ರ ಮುಂದಿಡಿ, ಸ್ವಲ್ಪ ಹೊತ್ತಿನ ಮೇಲೆ ಎಡಬಲ ಬದಲಿಸಿ ಮತ್ತೆ ಕೇಳಿ. ಕೊನೆಗೆ ಕೇಳಿದ್ದನ್ನೇ ಆರಿಸುವವರೂ ಇದ್ದಾರೆ. ‘ಕಳೆದ ಎರಡು ವಾರದಲ್ಲಿ’ ಎಂಬುದು ಅನೇಕರಿಗೆ ಅರ್ಥವಿಲ್ಲದ ಮಾತು. ‘ಗಣೇಶನ್ನ ಬಿಟ್ಟು ಬಂದ ಮೇಲೆ’ ಅಂದರೆ ಥಟ್ಟನೆ ಸಿಗುತ್ತದೆ. ಮುಖ್ಯವಾಗಿ, ‘ಗೊತ್ತಿಲ್ಲ’, ‘ಹೇಳಲ್ಲ’, ‘ನೀವು ಹೇಳಿದ್ದು ತಪ್ಪು’ ಎನ್ನುವುದಕ್ಕೆ ಇಲ್ಲಿ ಅವಕಾಶ ಇದೆ ಎಂದು ಮೊದಲ ದಿನವೇ ಅಭ್ಯಾಸ ಮಾಡಿಸಿ. ನಾನು ಬೇಕೆಂದೇ ಅವರ ಊರಿನ ಹೆಸರು ತಪ್ಪು ಹೇಳಿ, ತಿದ್ದುತ್ತಾರಾ ಎಂದು ಕಾಯುತ್ತೇನೆ. ತಿದ್ದಿದರೆ ಹೊಗಳುತ್ತೇನೆ.

ಅಳತೆಗೋಲು ಬೇಕೆಂದರೆ ಗ್ಲಾಸ್ಗೋದಲ್ಲಿ ಇವರಿಗೆಂದೇ ರೂಪಿಸಿ 2003ರಲ್ಲಿ ಪ್ರಕಟಿಸಿದ ಖಿನ್ನತೆಯ ಮಾಪನ (20 ಪ್ರಶ್ನೆ) ಮತ್ತು ಆತಂಕದ ಮಾಪನ (27 ಪ್ರಶ್ನೆ) ಇವೆ. ಇಲ್ಲಿ ಬಳಸುವಾಗ ಅಂಕಕ್ಕಿಂತ ಉತ್ತರಗಳ ವಿವರಕ್ಕೆ ಬೆಲೆ ಕೊಡಿ.

ಸಿಬಿಟಿ ಕಲಿತಿದ್ದೇನೆ. ಯೋಚನೆ, ಭಾವನೆ ಬೇರೆ ಬೇರೆ ಅಂತ ಇವರಿಗೆ ಗೊತ್ತಾಗುತ್ತಾ ಇಲ್ವಾ ಅಂತ ಮೊದಲೇ ತಿಳಿಯೋದು ಹೇಗೆ?

ಸಿಬಿಟಿ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ) ಅಂದರೆ ಯೋಚನೆ, ವರ್ತನೆ ಬದಲಿಸಿ ಭಾವನೆಯನ್ನು ಹಗುರ ಮಾಡುವ ಚಿಕಿತ್ಸೆ. ಅದಕ್ಕೆ ಮೊದಲು ಮೂರು ಹಂತ ನೋಡಿ. ಒಂದು, ಮುಖಗಳ ಚಿತ್ರ ತೋರಿಸಿದರೆ ಖುಷಿ, ದುಃಖ, ಸಿಟ್ಟು, ಹೆದರಿಕೆ ಗುರುತಿಸುತ್ತಾರಾ? ಎರಡು, ಘಟನೆಗೂ ಭಾವನೆಗೂ ಗಂಟು ಹಾಕುತ್ತಾರಾ? ‘ಈ ಹುಡುಗನ ನಾಯಿಮರಿ ಕಳೆದುಹೋಯಿತು, ಇವನಿಗೆ ಹೇಗನ್ನಿಸುತ್ತೆ?’ ಇಂಥ ಚಿಕ್ಕ ಕಥೆಗಳ ಪರೀಕ್ಷೆಯನ್ನು ರೀಡ್ ಮತ್ತು ಕ್ಲೆಮೆಂಟ್ಸ್ 1989ರಲ್ಲಿ ಮಾಡಿಟ್ಟರು. ಮೂರು, ನಡುವೆ ಯೋಚನೆ ಸೇರಿಸಿ: ‘ನೀನು ನಮಸ್ಕಾರ ಅಂದೆ, ಗೆಳೆಯ ಮಾತಾಡದೆ ಹೋದ. ಅವನಿಗೆ ಕೇಳಿಸಲಿಲ್ಲ ಅಂದುಕೊಂಡರೆ ಹೇಗನ್ನಿಸುತ್ತೆ? ಬೇಕಂತಲೇ ಹೋದ ಅಂದುಕೊಂಡರೆ?’ ಈ ಮೂರನೆಯದು ಬಹುಪಾಲು ಜನರಿಗೆ ಕಷ್ಟ ಎಂದು ಡೇವ್ ಡಾಗ್ನನ್ ಮತ್ತು ಪಾಲ್ ಚಾಡ್ವಿಕ್ ಅವರ ಕೆಲಸ ತೋರಿಸಿತು.

ಇದನ್ನು ಪ್ರವೇಶ ಪರೀಕ್ಷೆ ಮಾಡಿಕೊಂಡು ಫೇಲ್ ಆದವರನ್ನು ಮನೆಗೆ ಕಳಿಸಬೇಡಿ. ಮೂರನೇ ಹಂತವನ್ನು ಅಭ್ಯಾಸದಿಂದ ಸುಧಾರಿಸಬಹುದು ಎಂದು ನಂತರದ ಪ್ರಯೋಗಗಳು ಹೇಳುತ್ತವೆ. ಸುಧಾರಿಸದಿದ್ದರೂ ದಾರಿ ಇದೆ. ಯೋಚನೆಯನ್ನು ಪ್ರಶ್ನಿಸುವ ಭಾಗ ಬಿಟ್ಟು ತನಗೆ ತಾನೇ ಹೇಳಿಕೊಳ್ಳುವ ಮಾತು, ಸಮಸ್ಯೆ ಬಿಡಿಸುವ ಹೆಜ್ಜೆಗಳು, ಸ್ವಲ್ಪ ಸ್ವಲ್ಪವಾಗಿ ಹೆದರಿಕೆಯನ್ನು ಎದುರಿಸುವುದು, ಖುಷಿ ಕೊಡುವ ಚಟುವಟಿಕೆ ಹೆಚ್ಚಿಸುವುದು, ಸ್ನಾಯು ಸಡಿಲಿಸುವುದು ಇವನ್ನು ಹಿಡಿಯಿರಿ.

ಸರಿ, ನಿಜವಾಗಿ ಒಂದು ಭೇಟಿಯಲ್ಲಿ ಏನು ಬದಲಾಯಿಸ್ತೀರಿ? ಒಂದು ಉದಾಹರಣೆ ಕೊಡಿ.

26ರ ಯುವಕ, ಅಗರಬತ್ತಿ ಪ್ಯಾಕ್ ಮಾಡುವ ತರಬೇತಿ ಕೇಂದ್ರಕ್ಕೆ ಹೋಗುತ್ತಾನೆ. ಎರಡು ಸಲ ಸ್ಟೂಲ್ ಎಸೆದಿದ್ದಾನೆ. ‘ಇನ್ನೊಂದು ಸಲ ಆದರೆ ಕಳಿಸಿಬಿಡ್ತೀವಿ’ ಎಂದು ಕೇಂದ್ರದವರು ಹೇಳಿದ್ದಾರೆ. ‘ಸಿಟ್ಟು ಬಂದಾಗ ಏನು ಯೋಚನೆ ಬರುತ್ತೆ?’ ಎಂದು ಕೇಳಿದರೆ ನೆಲ ನೋಡುತ್ತಾನೆ.

ಅಮ್ಮನ ಮೊಬೈಲಿನಲ್ಲಿ ಕೇಂದ್ರದ ಫೋಟೋ ತರಿಸಿಕೊಂಡೆವು. ಅವನ ಮೇಜು, ಪಕ್ಕದ ಮೇಜು, ತೂಕದ ಯಂತ್ರ. ಸ್ಟೂಲ್ ಎಸೆದ ದಿನವನ್ನು ಅವನೇ ಎದ್ದು ಅಭಿನಯಿಸಿ ತೋರಿಸಿದ. ಮಾತಿನಲ್ಲಿ ಬಾರದ್ದು ಅಭಿನಯದಲ್ಲಿ ಬಂತು: ಪಕ್ಕದವನು ಅವನ ಕಟ್ಟನ್ನು ಬಿಚ್ಚಿ ಮತ್ತೆ ಎಣಿಸುತ್ತಾನೆ, ಉಳಿದವರು ನಗುತ್ತಾರೆ. ಸಿಟ್ಟಿನ ಮಟ್ಟಕ್ಕೆ ಒಂದರಿಂದ ಹತ್ತರ ಅಂಕ ಅವನಿಗೆ ಹಿಡಿಯಲಿಲ್ಲ. ಗ್ಯಾಸ್ ಒಲೆಯ ಗುಂಡಿ ಬರೆದೆವು: ಆಫ್, ಸಿಮ್, ಫುಲ್. ಮೂರೇ ಮಟ್ಟ. ಸಿಮ್‌ನಲ್ಲಿ ದೇಹದಲ್ಲಿ ಏನಾಗುತ್ತೆ? ಕೈಬೆರಳು ಮಡಚಿ ತೋರಿಸಿದ. ಅಷ್ಟು ಸಾಕಾಯಿತು. ಬೆರಳು ಮಡಚಿಕೊಂಡಾಗ ಗುಂಡಿ ತಿರುಗಿಸುವಂತೆ ಕೈ ತಿರುಗಿಸಿ, ‘ಸಿಮ್, ಸಿಮ್’ ಎಂದುಕೊಂಡು, ನೀರು ಕುಡಿಯಲು ಎದ್ದು ಹೋಗುವುದು. ಇದನ್ನು ಕೋಣೆಯಲ್ಲಿ ಅಭಿನಯಿಸಿದೆವು. ನಾನು ಪಕ್ಕದ ಮೇಜಿನವನಾಗಿ ಕಟ್ಟು ಬಿಚ್ಚಿದೆ. ಆಮೇಲೆ ಅವನು ನಾನಾದ, ನಾನು ಅವನಾದೆ. ಅವನು ಬಿದ್ದುಬಿದ್ದು ನಕ್ಕ.

ಇದರಲ್ಲಿ ಎರಡು ಎಚ್ಚರ. ಹೋಲಿಕೆಗಳನ್ನು ಕೆಲವರು ಅಕ್ಷರಶಃ ತೆಗೆದುಕೊಳ್ಳುತ್ತಾರೆ. ಮನೆಯಲ್ಲಿ ‘ಗ್ಯಾಸ್ ಮುಟ್ಟಬೇಡ’ ಎಂದು ಪೆಟ್ಟು ತಿಂದವರಿಗೆ ಇದೇ ಚಿತ್ರ ಹೆದರಿಕೆ ತರಬಹುದು. ಅವರಿಗೆ ಏನು ಸಲೀಸೋ ಅದನ್ನು ಹುಡುಕಿ. ಎರಡನೆಯದು ಇನ್ನೂ ಮುಖ್ಯ: ಅವನ ಸಿಟ್ಟಿಗೆ ಕಾರಣ ಇತ್ತು. ಕೇಂದ್ರದವರ ಜೊತೆ ಮಾತಾಡಿ ಆ ನಗುವನ್ನು ನಿಲ್ಲಿಸದೆ ಇವನಿಗೆ ಮಾತ್ರ ಸಿಮ್ ಹೇಳಿಕೊಟ್ಟಿದ್ದರೆ ಅದು ಅನ್ಯಾಯ. ಬೈಸಿಕೊಳ್ಳುವವನಿಗೆ ತಾಳ್ಮೆ ಕಲಿಸಿ, ಬೈಯುವವರನ್ನು ಹಾಗೇ ಬಿಡುವುದಕ್ಕೆ ಚಿಕಿತ್ಸೆ ಎಂಬ ಹೆಸರು ಒಪ್ಪುವುದಿಲ್ಲ.

ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಲ್ಲ. ಒಂದು ಗಂಟೆಯ ಸೆಷನ್ ಹೇಗೆ?

ಇಪ್ಪತ್ತು ನಿಮಿಷವೇ ಇರಲಿ, ವಾರಕ್ಕೆ ಎರಡು ಸಲ ಕರೆಯಿರಿ. ಒಂದು ಭೇಟಿಗೆ ಒಂದೇ ವಿಷಯ. ಪ್ರತಿ ಸಲ ಅದೇ ಕೋಣೆ, ಅದೇ ಕುರ್ಚಿ, ಅದೇ ಕ್ರಮ, ಆ ಕ್ರಮದ ಚಿತ್ರಪಟ್ಟಿ ಗೋಡೆಯ ಮೇಲೆ. ನಡೆಯುತ್ತಾ ಮಾತಾಡುವವರ ಜೊತೆ ನಡೆಯಿರಿ. ಮನೆಕೆಲಸವನ್ನು ಹಾಳೆಯಲ್ಲಿ ಬರೆದು ಕೊಡುವ ಬದಲು ಅವರ ಫೋನಿನಲ್ಲೇ ಅವರ ದನಿಯಲ್ಲೇ ರೆಕಾರ್ಡ್ ಮಾಡಿ.

ಅಮ್ಮ ಒಳಗೆ ಕೂರಬೇಕಾ, ಹೊರಗಾ?

ಅವರನ್ನೇ ಕೇಳಿ, ಅಮ್ಮ ಕೋಣೆಯಲ್ಲಿ ಇಲ್ಲದಾಗ. ನಾನು ಸಾಮಾನ್ಯವಾಗಿ ಮೊದಲ ಕೆಲವು ನಿಮಿಷ ಎಲ್ಲರ ಜೊತೆ, ನಡುವೆ ಅವರೊಬ್ಬರ ಜೊತೆ, ಕೊನೆಗೆ ಮತ್ತೆ ಎಲ್ಲರೂ ಸೇರಿ ಎಂದು ಹಂಚಿಕೊಳ್ಳುತ್ತೇನೆ. ಅಮ್ಮಂದಿರು ಮಗಳ ಪರವಾಗಿ ಉತ್ತರ ಕೊಡುವುದು ಪ್ರೀತಿಯಿಂದ, ವರ್ಷಗಳ ಅಭ್ಯಾಸದಿಂದ. ಆದರೂ ‘ಈಗ ಅವಳ ಸರದಿ’ ಎಂದು ಮೆತ್ತಗೆ ತಡೆಯಬೇಕು. ಕುರ್ಚಿಗಳನ್ನು ಇಡುವ ರೀತಿಯೂ ಮುಖ್ಯ: ಚಿಕಿತ್ಸಕರ ಕಣ್ಣು ಸಹಜವಾಗಿ ಬೀಳುವ ಜಾಗದಲ್ಲಿ ಮಗಳು ಇರಲಿ, ಅಮ್ಮ ಬದಿಗೆ.

ಹೊರಗೆ ಕೂತವರಿಗೂ ಕೆಲಸ ಇದೆ. ಕೋಣೆಯಲ್ಲಿ ಕಲಿತದ್ದು ಮನೆಗೆ ತಾನಾಗಿ ಹೋಗುವುದಿಲ್ಲ. ನೆನಪಿಸುವವರು ಒಬ್ಬರು ಬೇಕು. ಆ ಒಬ್ಬರು ಯಾರು ಎಂದು ಅವಳೇ ಆರಿಸಲಿ. ಅದು ಅಮ್ಮನೇ ಆಗಬೇಕಿಲ್ಲ. ಚಿಕ್ಕಮ್ಮ, ಟೀಚರು, ಆಟೋ ಅಣ್ಣ, ಯಾರೂ ಆಗಬಹುದು. ಏನನ್ನು ಹೇಳುತ್ತೇವೆ, ಏನನ್ನು ಹೇಳುವುದಿಲ್ಲ ಎಂಬ ಗೆರೆಯನ್ನು ಅವಳ ಎದುರೇ ಎಳೆಯಿರಿ. ಯಾರಿಗಾದರೂ ಅಪಾಯ ಇದ್ದರೆ ಗುಟ್ಟು ಇಡಲಾಗದು ಎಂದೂ ಆಗಲೇ ಹೇಳಿ.

ಮಾತೇ ಬಾರದವರಿಗೆ ಮನೋಚಿಕಿತ್ಸೆ ಅನ್ನೋದು ಬರೀ ಮಾತಲ್ವಾ?

ಮಾತಿನ ಚಿಕಿತ್ಸೆ ಆಗುವುದಿಲ್ಲ, ನಿಜ. ಹಾಗೆಂದು ಕೈಚೆಲ್ಲುವುದೂ ಅಲ್ಲ. ಮೊದಲ ಹೆಜ್ಜೆ ಸಂವಹನ: ಚಿತ್ರ, ಸನ್ನೆ, ವಸ್ತು, ಟ್ಯಾಬ್ಲೆಟ್. ಇದಕ್ಕೆ ವಾಕ್ ಚಿಕಿತ್ಸಕರು ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ. ‘ಬೇಡ’, ‘ನೋವು’, ‘ಸಾಕು’ ಈ ಮೂರನ್ನು ಹೇಳುವ ದಾರಿ ಸಿಕ್ಕಿದರೆ ತಲೆ ಚಚ್ಚಿಕೊಳ್ಳುವುದು ಕಡಿಮೆಯಾಗುವ ಮನೆಗಳಿವೆ. ಎರಡನೆಯದು, ವರ್ತನೆಯ ಹಿಂದು ಮುಂದು ಬರೆದಿಡುವುದು: ಎಲ್ಲಿ, ಯಾವಾಗ, ಮೊದಲು ಏನಾಯಿತು, ಆಮೇಲೆ ಯಾರು ಏನು ಮಾಡಿದರು. ಮೂರನೆಯದು, ಅವರ ದನಿ, ಉಸಿರು, ಚಲನೆಯನ್ನು ಅನುಸರಿಸಿ ಅವರ ಜೊತೆ ಸುಮ್ಮನೆ ಇರುವುದನ್ನು ಕಲಿಯುವುದು. ಕೊನೆಯದನ್ನು ಅಜ್ಜಿಯಂದಿರು ಯಾರೂ ಹೇಳಿಕೊಡದೆ ಮಾಡುತ್ತಾರೆ.

## ಕಷ್ಟದ ಪ್ರಶ್ನೆಗಳು

ಇದೆಲ್ಲ ಕೆಲಸ ಮಾಡುತ್ತೆ ಅನ್ನೋದಕ್ಕೆ ಪುರಾವೆ ಇದೆಯಾ?

ಇದೆ, ಆದರೆ ತೆಳು. ದೊಡ್ಡ ಪ್ರಯೋಗಗಳಲ್ಲಿ ಎರಡು ಬ್ರಿಟನ್ನಿನವು. 2013ರಲ್ಲಿ ಪಾಲ್ ವಿಲ್ನರ್ ತಂಡ 30 ಹಗಲು ಕೇಂದ್ರಗಳ 179 ಮಂದಿಯ ಮೇಲೆ, ಕೇಂದ್ರದ ಸಿಬ್ಬಂದಿಯೇ 12 ವಾರ ನಡೆಸಿಕೊಟ್ಟ ಸಿಟ್ಟಿನ ನಿರ್ವಹಣೆಯ ಗುಂಪನ್ನು ಪರೀಕ್ಷಿಸಿತು. ಭಾಗವಹಿಸಿದವರೇ ಕೊಟ್ಟ ಸಿಟ್ಟಿನ ಅಂಕಗಳಲ್ಲಿ ವ್ಯತ್ಯಾಸ ಕಾಣಲಿಲ್ಲ; ಸಿಟ್ಟನ್ನು ನಿಭಾಯಿಸುವ ಕೌಶಲ ಮಾತ್ರ ಹೆಚ್ಚಿತು, ಸಿಬ್ಬಂದಿಯ ಕಣ್ಣಿಗೂ ಬದಲಾವಣೆ ಬಿತ್ತು. 2017ರಲ್ಲಿ ಆಂಡ್ರ್ಯೂ ಜಹೋಡ ತಂಡ ಖಿನ್ನತೆ ಇದ್ದ 161 ವಯಸ್ಕರಲ್ಲಿ ಎರಡು ಬಗೆಯನ್ನು ಹೋಲಿಸಿತು: ಚಟುವಟಿಕೆ ಹೆಚ್ಚಿಸುವ 12 ಭೇಟಿಗಳ ಚಿಕಿತ್ಸೆ, ಮತ್ತು ಪುಸ್ತಿಕೆ ಹಿಡಿದು ಜೊತೆಗೆ ಕೂತು ಓದುವ 8 ಭೇಟಿಗಳ ಸ್ವಸಹಾಯ. ಎರಡೂ ಗುಂಪಿನವರು ಸುಧಾರಿಸಿದರು, ಒಂದಕ್ಕಿಂತ ಇನ್ನೊಂದು ಮೇಲಾಗಲಿಲ್ಲ. ಚಿಕಿತ್ಸೆಯೇ ಇಲ್ಲದ ಗುಂಪು ಇರಲಿಲ್ಲವಾದ್ದರಿಂದ ತಾನಾಗಿ ಎಷ್ಟು ವಾಸಿಯಾಗುತ್ತಿತ್ತು ಎಂದು ಹೇಳಲಾಗದು. ನನಗೆ ಇದರಲ್ಲಿ ಕಾಣುವುದು, ವಾರವಾರ ಒಬ್ಬರು ಬಂದು ಗಮನವಿಟ್ಟು ಜೊತೆಗೆ ಕೂರುವುದರ ಬೆಲೆ.

ಚಿಕಿತ್ಸೆಗಳ ಮಾರ್ಗಸೂಚಿ ಹೊರಡಿಸುವ ಇಂಗ್ಲೆಂಡಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ ಸೌಮ್ಯ ಮಟ್ಟದವರ ಖಿನ್ನತೆಗೆ ಹೊಂದಿಸಿದ ಸಿಬಿಟಿಯನ್ನೂ, ಆತಂಕಕ್ಕೆ ಸಡಿಲಿಸುವ ವಿಧಾನ ಮತ್ತು ಹಂತಹಂತದ ಎದುರಿಸುವಿಕೆಯನ್ನೂ ಪರಿಗಣಿಸಿ ಎನ್ನುತ್ತದೆ. ಅಲ್ಲಿನಂಥ ಹಗಲು ಕೇಂದ್ರ, ವೇತನ ಪಡೆಯುವ ಸಹಾಯಕರು ನಮ್ಮಲ್ಲಿ ಕಡಿಮೆ, ನಮ್ಮ ಕೂಡುಕುಟುಂಬ ಅಲ್ಲಿ ಕಡಿಮೆ. ಹಾಗಾಗಿ ವಿಧಾನವನ್ನು ತರುವಾಗ ಯಾರು ನೆನಪಿಸುತ್ತಾರೆ, ಎಲ್ಲಿ ಅಭ್ಯಾಸ ಆಗುತ್ತದೆ ಎಂಬುದನ್ನು ಇಲ್ಲಿನ ಮನೆಗೆ ತಕ್ಕಂತೆ ಹೊಸದಾಗಿ ಯೋಚಿಸಬೇಕು.

ಸಿಟ್ಟಿಗೆ ರಿಸ್ಪೆರಿಡೋನ್ ಕೊಟ್ಟಿದ್ದಾರೆ. ಮಾತ್ರೆ ಇದ್ದ ಮೇಲೆ ಥೆರಪಿ ಯಾಕೆ?

ಇಲ್ಲದ್ದು ಕಾಣುವ, ಕೇಳಿಸುವ ಸೈಕೋಸಿಸ್‌ನಂಥ ಕಾಯಿಲೆ ಇದ್ದರೆ ಮಾತ್ರೆ ಅಗತ್ಯ. ಬರೀ ಹೊಡೆಯುವುದಕ್ಕೆ ಎಂದಾದರೆ ಪೀಟರ್ ಟೈರರ್ ತಂಡ 2008ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ವೈದ್ಯರ ಜೊತೆ ಮಾತಾಡಿ. 86 ಮಂದಿಯಲ್ಲಿ ರಿಸ್ಪೆರಿಡೋನ್, ಅದೇ ಬಗೆಯ ಹಳೆಯ ಔಷಧಿ ಹ್ಯಾಲೊಪೆರಿಡಾಲ್, ಔಷಧಿಯಿಲ್ಲದ ಹುಸಿ ಮಾತ್ರೆ ಮೂರನ್ನೂ ಹೋಲಿಸಿದರು. ನಾಲ್ಕು ವಾರದಲ್ಲಿ ಮೂರರಲ್ಲೂ ಹೊಡೆತ ಕಡಿಮೆಯಾಯಿತು, ಅತಿ ಹೆಚ್ಚು ಕಡಿಮೆಯಾದದ್ದು ಹುಸಿ ಮಾತ್ರೆಯಲ್ಲಿ. ಇದನ್ನು ಓದಿ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಥಟ್ಟನೆ ನಿಲ್ಲಿಸಿದರೆ ತೊಂದರೆಯಾಗುತ್ತದೆ. ಯಾವ ಗುರಿಗೆ ಕೊಟ್ಟಿದ್ದೀರಿ, ಎಷ್ಟು ದಿನ, ಮತ್ತೆ ಯಾವಾಗ ಪರಿಶೀಲನೆ, ತೂಕ ಮತ್ತು ಸಕ್ಕರೆ ಪರೀಕ್ಷೆ ಯಾವಾಗ? ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ.

ತಂಗಿ ಮದುವೆ ಆದಮೇಲೆ ಇವಳು ‘ನಂಗ್ಯಾಕೆ ಮಾಡಲ್ಲ, ನಾನು ಪೆದ್ದಿ ಅಂತಾನಾ?’ ಅಂತ ಕೇಳ್ತಾಳೆ. ‘ಮುಂದಿನ ವರ್ಷ’ ಅಂತ ಸಮಾಧಾನ ಮಾಡ್ತೀವಿ. ಏನು ಹೇಳಲಿ?

‘ಮುಂದಿನ ವರ್ಷ’ ಬೇಡ. ಅವಳು ವರ್ಷಗಳನ್ನು ಎಣಿಸುತ್ತಾಳೆ. ಅವಳು ಕೇಳಿದ್ದು ಎರಡು ಪ್ರಶ್ನೆ, ಎರಡನೆಯದು ಹೆಚ್ಚು ಆಳದ್ದು. ತಾವು ಬೇರೆ, ಜನ ತಮ್ಮನ್ನು ಕಡಿಮೆಯಾಗಿ ನೋಡುತ್ತಾರೆ ಎಂಬ ಅರಿವು ಇವರಿಗೆ ಇಲ್ಲ ಎಂದು ಅಂದುಕೊಂಡಿರುತ್ತೇವೆ, ಇದೆ. ಲಂಡನ್ನಿನ ಮನೋವಿಶ್ಲೇಷಕಿ ವ್ಯಾಲರಿ ಸಿನಾಸನ್ ಒಂದು ವಿಷಯವನ್ನು ಗುರುತಿಸಿದ್ದರು: ಮೂಲ ಅಂಗವೈಕಲ್ಯದ ನೋವನ್ನು ಮುಚ್ಚಿಕೊಳ್ಳಲು ಕೆಲವರು ಅದರ ಮೇಲೆ ಇನ್ನೊಂದು ಪದರ ಹೊದ್ದುಕೊಳ್ಳುತ್ತಾರೆ. ಸದಾ ನಗುವ, ಎಲ್ಲರನ್ನೂ ಮೆಚ್ಚಿಸುವ, ಇರುವುದಕ್ಕಿಂತ ಹೆಚ್ಚು ಪೆದ್ದಾಗಿ ಕಾಣುವ ಪದರ. ನಿಮ್ಮ ಮಗಳು ಆ ಪದರ ಸರಿಸಿ ಕೇಳಿದ್ದಾಳೆ. ಅದು ನಂಬಿಕೆಯ ಗುರುತು.

‘ನೀನು ಪೆದ್ದಿ ಅಲ್ಲ. ಕೆಲವು ವಿಷಯ ಕಲಿಯೋಕೆ ನಿನಗೆ ಹೆಚ್ಚು ಹೊತ್ತು ಬೇಕು, ಹುಟ್ಟಿನಿಂದಲೇ ಹಾಗೆ. ಅದು ಯಾರ ತಪ್ಪೂ ಅಲ್ಲ’ ಎಂದು ಸರಳವಾಗಿ ಹೇಳಿ. ನಂತರ ಮದುವೆ ಅಂದರೆ ಅವಳಿಗೆ ಏನು ಎಂದು ಕೇಳಿ, ಚಿತ್ರ ಬರೆಯಲಿ. ಒಬ್ಬಳು ರೇಷ್ಮೆ ಸೀರೆ, ಫೋಟೋ ತೋರಿಸಿದಳು. ಇನ್ನೊಬ್ಬಳಿಗೆ ತನ್ನದೇ ಬೀಗ ಇರುವ ಬೀರು ಬೇಕಿತ್ತು. ಮತ್ತೊಬ್ಬಳು ‘ನಂಗೇ ಅಂತ ಒಬ್ಬರು’ ಎಂದಳು. ಮೊದಲ ಎರಡನ್ನು ಈ ತಿಂಗಳೇ ಮಾಡಬಹುದು. ಮೂರನೆಯದಕ್ಕೆ ಗೆಳೆತನ, ಲೈಂಗಿಕ ಶಿಕ್ಷಣ, ತನ್ನ ದೇಹ ತನ್ನದು ಎಂಬ ತಿಳಿವು ಎಲ್ಲ ಬೇಕು. ಸಂಗಾತಿ ಸಾಧ್ಯವೇ ಇಲ್ಲ ಎಂದು ಅವಳ ಪರವಾಗಿ ನಾವೇ ತೀರ್ಪು ಬರೆಯಬಾರದು. ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ಯಾರದೋ ಕೈಗೆ ಕೊಡುವುದಂತೂ ಖಂಡಿತ ಕೂಡದು.

ಯಾರೋ ಅವಳನ್ನು ಮುಟ್ಟಿದ್ದಾರೆ ಅಂತ ಅನುಮಾನ. ಮೊದಲು ಥೆರಪಿಗೆ ಕರ್ಕೊಂಡು ಹೋಗಲಾ, ಪೊಲೀಸಿಗೆ ಹೇಳಲಾ?

ಮೊದಲು ಅವಳನ್ನು ಆ ವ್ಯಕ್ತಿಯಿಂದ ದೂರ ಇಡಿ. 18 ತುಂಬದವಳಾದರೆ 2012ರ ಪೋಕ್ಸೊ ಕಾಯ್ದೆಯಡಿ ತಿಳಿದವರು ವರದಿ ಮಾಡಲೇಬೇಕು, ಚಿಕಿತ್ಸಕರಿಗೂ ಅದೇ ಕಟ್ಟಳೆ. ಮಕ್ಕಳ ಸಹಾಯವಾಣಿ 1098. ಹೇಳಿಕೆ ದಾಖಲಿಸುವಾಗ ವಿಶೇಷ ಶಿಕ್ಷಕರ ನೆರವು ಪಡೆಯಲು ಕಾನೂನಿನಲ್ಲಿ ಅವಕಾಶ ಇದೆ, ಕೇಳಿ ಪಡೆಯಿರಿ. ಮನೆಯಲ್ಲಿ ‘ಅವನೇನಾ? ಇಲ್ಲಿ ಮುಟ್ಟಿದನಾ?’ ಎಂದು ಒತ್ತಿ ಒತ್ತಿ ಕೇಳಬೇಡಿ. ಮೇಲೆ ಹೇಳಿದ ‘ಹೂಂ’ ಅನ್ನುವ ಒಲವಿನಿಂದ ಆಮೇಲೆ ಅವಳ ನಿಜವಾದ ಮಾತಿಗೂ ಬೆಲೆ ಇಲ್ಲದಂತಾದೀತು. ಅವಳು ತಾನಾಗಿ ಹೇಳಿದ್ದನ್ನು ಅವಳ ಶಬ್ದಗಳಲ್ಲೇ, ದಿನಾಂಕ ಹಾಕಿ ಬರೆದಿಡಿ. ‘ಹೇಳಿದ್ದು ಒಳ್ಳೆಯದಾಯಿತು’ ಎನ್ನಿ. ಕೇಸು ಮುಗಿಯಲಿ ಎಂದು ಚಿಕಿತ್ಸೆಯನ್ನು ತಡಮಾಡಬೇಕಿಲ್ಲ.

ಅವನಿಗೆ 18 ಆಗಿದೆ, ನಾವು ಗಾರ್ಡಿಯನ್‌ಶಿಪ್ ಮಾಡಿಸಿದ್ದೀವಿ. ಒಪ್ಪಿಗೆ ನಮ್ಮದೇ ಸಾಕಲ್ವಾ?

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಕೊಟ್ಟ ಗಾರ್ಡಿಯನ್‌ಶಿಪ್ ಪತ್ರ ಕಾಗದದ ಕೆಲಸಕ್ಕೆ ಸರಿ. ಒಲ್ಲದ ಮನಸ್ಸಿನಿಂದ ಕೂತವನಿಗೆ ಮಾತಿನ ಚಿಕಿತ್ಸೆ ನಡೆಯುವುದೇ ಇಲ್ಲ. ಇಲ್ಲಿ ಏನು ಮಾಡುತ್ತೇವೆ, ಎಷ್ಟು ದಿನ, ಬೇಡ ಅನ್ನಿಸಿದರೆ ಹೇಗೆ ನಿಲ್ಲಿಸಬಹುದು ಎಂದು ಚಿತ್ರಗಳ ಒಂದು ಹಾಳೆಯಲ್ಲಿ ತೋರಿಸಿ. ಅವನ ಮಾತಿನಲ್ಲಿ ತಿರುಗಿ ಹೇಳಿಸಿ. ‘ಇಲ್ಲಿ ಯಾಕೆ ಬಂದಿದ್ದೀಯ?’ ಎಂದಾಗ ‘ಅಪ್ಪ ಕರ್ಕೊಂಡು ಬಂದ್ರು’ ಎಂದರೆ ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ಪ್ರತಿ ಭೇಟಿಯಲ್ಲೂ ಕೇಳಿ. ಎದ್ದು ಬಾಗಿಲ ಕಡೆ ಹೋಗುವುದೂ ಒಂದು ಉತ್ತರ.

ಹನ್ನೆರಡು ಸೆಷನ್ ಮುಗೀತು. ಈಗ ನಿಲ್ಲಿಸಿದರೆ ಮತ್ತೆ ಮೊದಲಿನ ಹಾಗೆ ಆಗ್ತಾನೇನೋ ಅಂತ ಭಯ. ಹೇಗೆ ಮುಗಿಸೋದು?

ಕೊನೆಯ ದಿನದ ಸಿದ್ಧತೆ ಮೊದಲ ದಿನವೇ ಆರಂಭವಾಗಬೇಕು. ಇವರ ಬದುಕಿನಲ್ಲಿ ಟೀಚರು, ಆಯಾ, ವಾರ್ಡನ್ ಹೇಳದೆ ಕೇಳದೆ ಮಾಯವಾದದ್ದು ಹಲವು ಸಲ ಆಗಿರುತ್ತದೆ. ಚಿಕಿತ್ಸಕರೂ ಹಾಗೇ ಹೋದರೆ ಕಲಿತದ್ದಕ್ಕಿಂತ ಆ ಏಟೇ ಹೆಚ್ಚು ಉಳಿಯುತ್ತದೆ. ಮನೆಯ ಕ್ಯಾಲೆಂಡರಿನಲ್ಲಿ ಭೇಟಿಯ ದಿನಗಳಿಗೆ ಸುತ್ತು ಹಾಕಿಸಿ, ಪ್ರತಿ ಸಲ ಒಂದನ್ನು ಹೊಡೆದು, ಇನ್ನು ಎಷ್ಟು ಉಳಿಯಿತು ಎಂದು ಅವನೇ ಎಣಿಸಲಿ. ಕೊನೆಯ ಮೂರು ಭೇಟಿಗಳನ್ನು ಹದಿನೈದು ದಿನಕ್ಕೊಂದು, ತಿಂಗಳಿಗೊಂದು ಎಂದು ದೂರ ಮಾಡಿ. ಕೊನೆಯದರಲ್ಲಿ ಹೊಸ ವಿಷಯ ಎತ್ತಬೇಡಿ. ಕಲಿತದ್ದನ್ನು ಅವನು ಕ್ಯಾಮೆರಾ ಮುಂದೆ ಮಾಡಿ ತೋರಿಸಲಿ, ಆ ವಿಡಿಯೊ ಅವನ ಫೋನಿನಲ್ಲೂ ಅವನು ಆರಿಸಿಕೊಂಡ ಸಹಾಯಕರ ಫೋನಿನಲ್ಲೂ ಇರಲಿ. ಮೂರು ತಿಂಗಳ ನಂತರದ ಒಂದು ಭೇಟಿಗೆ ಈಗಲೇ ದಿನ ಗೊತ್ತುಮಾಡಿ. ಅದಕ್ಕೂ ಮೊದಲೇ ನಿದ್ದೆ, ಊಟ, ಹೊರಗೆ ಹೋಗುವುದು ಈ ಮೂರರಲ್ಲಿ ಎರಡು ಕೆಟ್ಟು ಎರಡು ವಾರವಾದರೆ ಕಾಯದೆ ಫೋನ್ ಮಾಡಿ ಎಂದು ಮನೆಯವರಿಗೆ ಬರೆದು ಕೊಡಿ.